ಹಳೆಯದು ಮಾಸದು, ಹೊಸದು ನಾಟದು

1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಮಕ್ಕಳಾಗಿದ್ದ 32 ಮಂದಿಯ ರಕ್ತವನ್ನು ಅಮೆರಿಕದ ಸಂಶೋಧಕರು ಸುಮಾರು ತೊಂಬತ್ತು ವರ್ಷಗಳ ನಂತರ ಪರೀಕ್ಷಿಸಿದರು. ಅಷ್ಟು ಹೊತ್ತಿಗೆ ಅವರೆಲ್ಲ ತೊಂಬತ್ತು ದಾಟಿದ್ದರು, ಕೆಲವರಿಗೆ ನೂರೂ ಆಗಿತ್ತು. ಆ ವೈರಸ್ಸನ್ನು ಗುರುತಿಸುವ ಪ್ರತಿಕಾಯಗಳು ಪ್ರತಿಯೊಬ್ಬರ ರಕ್ತದಲ್ಲೂ ಸಿಕ್ಕವು. ಎಂಟು ಜನರ ಬಿ ಕೋಶಗಳನ್ನು ಬೇರೆಯಾಗಿ ನೋಡಿದಾಗ, ಏಳು ಜನರಲ್ಲಿ ಅವು ಆ ಪ್ರತಿಕಾಯವನ್ನು ಇನ್ನೂ ತಯಾರಿಸುತ್ತಿದ್ದವು. ಈ ಅಧ್ಯಯನ ಪ್ರಕಟವಾದದ್ದು 2008ರಲ್ಲಿ.

ಮರುವರ್ಷವೇ ಎಚ್‌1ಎನ್‌1 ಎಂಬ ಇನ್‌ಫ್ಲುಯೆಂಜಾ (ಹಂದಿಜ್ವರ) ಬಂತು. ಅದರ ಹತ್ತಿರದ ಬಂಧುಗಳನ್ನು ಎಳವೆಯಲ್ಲೇ ಕಂಡಿದ್ದ ಹಿರಿಯರಿಗೆ ಅದು ಯುವಕರಿಗಿಂತ ಕಡಿಮೆ ತಗಲಿತು. 2020ರಲ್ಲಿ ಬಂದ ಕೋವಿಡ್ ವೈರಸ್ ಮಾತ್ರ ಯಾರಿಗೂ ಗುರುತಿಲ್ಲದ್ದು. ಆಗ ಅತಿ ಹೆಚ್ಚು ಸತ್ತವರು ಇದೇ ಹಿರಿಯರು.

ಹಾಗಾಗಿ ‘ವಯಸ್ಸಾದಂತೆ ರೋಗನಿರೋಧಕ ಶಕ್ತಿ ಕುಗ್ಗುತ್ತದೆ’ ಎಂಬ ಮಾತು ಅರ್ಧ ಮಾತ್ರ ನಿಜ. ಬಹಳ ಕುಗ್ಗುವುದು ಹೊಸದನ್ನು ಕಲಿಯುವ ಶಕ್ತಿ. ಎಂಟನೇ ವಯಸ್ಸಿನಲ್ಲಿ ನೋಡಿದ ತೇರನ್ನು ಇಂಚಿಂಚೂ ವರ್ಣಿಸುವ ಅಜ್ಜಿ, ಬೆಳಿಗ್ಗೆ ತೆಗೆದಿಟ್ಟ ಕನ್ನಡಕಕ್ಕಾಗಿ ಮನೆಯೆಲ್ಲ ತಡಕಾಡುವುದಿಲ್ಲವೇ, ಹಾಗೆ.

ಇದರ ಬೇರು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿದೆ. ಸೋಂಕನ್ನು ಎದುರಿಸುವ ಟಿ ಕೋಶಗಳು ಪಳಗುವ ಗರಡಿ ಅದು. ವಿಚಿತ್ರವೆಂದರೆ ಅದು ಕುಗ್ಗಲು ಮುಪ್ಪಿಗಾಗಿ ಕಾಯುವುದೇ ಇಲ್ಲ. ಹರೆಯ ಕಳೆಯುವಾಗಲೇ ಕರಗತೊಡಗಿ, ಅದರ ಜಾಗವನ್ನು ಕೊಬ್ಬು ತುಂಬುತ್ತದೆ. ಎಪ್ಪತ್ತರ ಹೊತ್ತಿಗೆ ಹೊಸ ಟಿ ಕೋಶಗಳು ಹೊರಬರುವುದು ಬಲು ಅಪರೂಪ. ಹಳೆಯ ರೋಗಗಳ ನೆನಪು ಹೊತ್ತ ಕೋಶಗಳು ಉಳಿದಿರುತ್ತವೆ, ಆದರೆ ಹೊಸ ವೈರಸ್ಸಿಗೆ ಹೊಂದುವ ಕೋಶ ಸಿಗುವುದು ಕಷ್ಟ. ಸಾಲದ್ದಕ್ಕೆ, ನಮ್ಮಲ್ಲಿ ಬಹುಪಾಲು ಜನರ ಮೈಯಲ್ಲಿ ಸೈಟೊಮೆಗಲೊ ಎಂಬ ವೈರಸ್ ಜೀವಮಾನವಿಡೀ ಬಾಡಿಗೆ ಕೊಡದೆ ಬಿಡಾರ ಹೂಡಿರುತ್ತದೆ. ಅದರ ಮೇಲೆ ಕಣ್ಣಿಡುವುದಕ್ಕೇ ನೆನಪಿನ ಕೋಶಗಳ ದೊಡ್ಡ ಪಾಲು ಮೀಸಲಾಗಿಬಿಡುತ್ತದೆ.

ಇನ್ನೊಂದು ತೊಡಕು ಮೊದಲ ಗಂಟೆಗಳಲ್ಲೇ ಶುರು. ಶ್ವಾಸನಾಳದ ಕೋಶಕ್ಕೆ ವೈರಸ್ ನುಗ್ಗಿದ ಕೂಡಲೇ ಆ ಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಬಿಟ್ಟು ನೆರೆಹೊರೆಯ ಕೋಶಗಳನ್ನು ಎಚ್ಚರಿಸಬೇಕು. ವಯಸ್ಸಾದವರಲ್ಲಿ ಈ ಕೂಗು ತಡವಾಗಿ, ಸಣ್ಣಗೆ ಏಳುತ್ತದೆ. ಕೆಲವರಲ್ಲಿ ಅದು ಪೂರ್ತಿ ಅಡಗಿಹೋಗುತ್ತದೆ ಎಂಬುದನ್ನು ಫ್ರೆಂಚ್ ವಿಜ್ಞಾನಿ ಜಾನ್-ಲೋರಾಂ ಕಸನೋವಾ ಅವರ ತಂಡ ತೋರಿಸಿತು. ಎಪ್ಪತ್ತು ದಾಟಿದವರಲ್ಲಿ ಸುಮಾರು ಶೇ. 4ರಷ್ಟು ಮಂದಿಯ ದೇಹ ತನ್ನದೇ ಇಂಟರ್‌ಫೆರಾನ್ ವಿರುದ್ಧ ಪ್ರತಿಕಾಯ ಹುಟ್ಟಿಸಿಕೊಂಡಿರುತ್ತದೆ. 2021ರ ಅವರ ಲೆಕ್ಕದಂತೆ, ಕೋವಿಡ್‌ನಿಂದ ತೀರಿಕೊಂಡ ಐವರಲ್ಲಿ ಒಬ್ಬರ ರಕ್ತದಲ್ಲಿ ಇಂಥ ಪ್ರತಿಕಾಯಗಳಿದ್ದವು.

ಆರಂಭದಲ್ಲಿ ತಡವಾದ ಪ್ರತಿಕ್ರಿಯೆಯೇ ಕೊನೆಗೆ ಅತಿಯಾಗುತ್ತದೆ. ಮುಪ್ಪಿನ ಮೈಯಲ್ಲಿ ಸಣ್ಣ ಉರಿಯೂತವೊಂದು ಬೂದಿ ಮುಚ್ಚಿದ ಕೆಂಡದಂತೆ ಸದಾ ಇರುತ್ತದೆ. ಸೋಂಕು ಅದನ್ನು ಊದಿದರೆ ಶ್ವಾಸಕೋಶವಷ್ಟೇ ಅಲ್ಲ, ಹೃದಯಕ್ಕೂ ಬಿಸಿ ತಟ್ಟುತ್ತದೆ. ಕೆನಡಾದ ಒಂಟಾರಿಯೊದಲ್ಲಿ ನಡೆದ ಅಧ್ಯಯನದಲ್ಲಿ, ಇನ್‌ಫ್ಲುಯೆಂಜಾ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಆರು ಪಟ್ಟು ಏರಿತ್ತು.

ಮನೆಯಲ್ಲಿ ನಾವು ಎಡವುವುದು ಜ್ವರದ ವಿಷಯದಲ್ಲಿ. ಹಣೆ ಮುಟ್ಟಿ ‘ಬಿಸಿ ಇಲ್ಲವಲ್ಲ’ ಎಂದು ಸುಮ್ಮನಾಗುತ್ತೇವೆ. ವಯಸ್ಸಾದವರಲ್ಲಿ ಸೋಂಕಿದ್ದರೂ ಮೈ ಬಿಸಿಯೇರದೆ ಇರಬಹುದು. ಊಟ ಸೇರದಿರುವುದು, ಮಾತು ಗಲಿಬಿಲಿಯಾಗುವುದು, ಕಾರಣವಿಲ್ಲದೆ ಬಿದ್ದುಬಿಡುವುದು ಇವೇ ಮೊದಲ ಸೂಚನೆಗಳಾಗಬಹುದು.

ಕಲಿಯಲು ನಿಧಾನವಾದ ಈ ವ್ಯವಸ್ಥೆಗೆ ಪಾಠವನ್ನು ಜೋರಾಗಿ ಹೇಳುವ ದಾರಿಗಳಿವೆ. ಅಮೆರಿಕದಲ್ಲಿ 65 ದಾಟಿದವರಿಗೆ ಕೊಡುವ ಒಂದು ಫ್ಲೂ ಲಸಿಕೆಯಲ್ಲಿ ವೈರಸ್ಸಿನ ಅಂಶ ಮಾಮೂಲಿಗಿಂತ ನಾಲ್ಕು ಪಟ್ಟು. ಇನ್ನೊಂದು ದಾರಿ ಚಿಲಿ ದೇಶದ ಮರವೊಂದರ ತೊಗಟೆಯಿಂದ ಬಂದದ್ದು. ನಮ್ಮ ಅಂಟುವಾಳದ ಕಾಯಿಯಂತೆ ನೊರೆ ಬರುವ ಆ ತೊಗಟೆಯನ್ನು ಅಲ್ಲಿನ ಮಪುಚೆ ಜನ ಸಾಬೂನಾಗಿ ಬಳಸುತ್ತಿದ್ದರು. ಅದರ ಸಾರ ಬೆರೆಸಿದ ಸರ್ಪಸುತ್ತಿನ ಲಸಿಕೆ ಎಪ್ಪತ್ತು ದಾಟಿದವರಲ್ಲೂ ಸುಮಾರು ಶೇ. 90ರಷ್ಟು ರಕ್ಷಣೆ ಕೊಟ್ಟಿತು. ಅದಕ್ಕೆ ಹಿಂದಿನ ಲಸಿಕೆ ಅದೇ ವಯಸ್ಸಿನವರಲ್ಲಿ ಶೇ. 38ಕ್ಕೇ ನಿಂತಿತ್ತು. ಶ್ವಾಸಕೋಶಕ್ಕೆ ದಾಳಿಯಿಡುವ ಆರ್‌ಎಸ್‌ವಿ ವೈರಸ್ಸಿನ ವಿರುದ್ಧ 2023ರಲ್ಲಿ ಹಿರಿಯರಿಗಾಗಿ ಬಂದ ಮೊದಲ ಲಸಿಕೆಯಲ್ಲಿರುವುದೂ ಅದೇ ತೊಗಟೆಯ ಸಾರ.