ವಾಯುಮಂಡಲದ ಪದರಗಳು: ಓಝೋನ್ 25 ಕಿಲೋಮೀಟರಿನಲ್ಲಿದ್ದರೆ ಬಿಸಿ 50ರಲ್ಲಿ ಏಕೆ?

ಕೆಳಗಿನಿಂದ ಮೇಲಕ್ಕೆ ಪರಿವರ್ತನಾ, ಸಮೋಷ್ಣ, ಮಧ್ಯಂತರ, ಉಷ್ಣತಾ, ಬಾಹ್ಯ ಮಂಡಲ ಎಂದು ವಾಯುಮಂಡಲದ ಐದು ಪದರಗಳ ಹೆಸರು, ಎತ್ತರಗಳನ್ನು ಬಾಯಿಪಾಠ ಮಾಡುವುದು ಅರ್ಧ ಗಂಟೆಯ ಕೆಲಸ. ಆ ಪದರಗಳ ಗಡಿಗಳು ಅಲ್ಲಲ್ಲಿಯೇ ಏಕೆ ಬೀಳುತ್ತವೆ ಎಂಬುದು ತಲೆಗೆ ಹತ್ತಲು ನನಗೆ ಮೂರು ದಿನ ಹಿಡಿಯಿತು, ಅದರಲ್ಲಿ ಎರಡು ದಿನ ಒಂದೇ ಗಡಿಗೆ ಹೋಯಿತು. ಅರ್ಥವಾದದ್ದು ಮರೆತುಹೋಗುವ ಮುನ್ನ ಬರೆದಿಡುತ್ತಿರುವುದರಿಂದ ಕೆಲವು ಭಾಗಗಳು ಚುಟುಕಾಗಿವೆ, ಸಮೋಷ್ಣ ಮಂಡಲದ ಭಾಗ ಮಾತ್ರ ಉದ್ದವಾಗಿದೆ.

ನಾಲ್ಕು ಬಿಂದುಗಳ ನಕ್ಷೆ

ಕಾಗದದ ಮೇಲೆ ಎತ್ತರವನ್ನು ಲಂಬ ಅಕ್ಷದಲ್ಲೂ ಉಷ್ಣತೆಯನ್ನು ಅಡ್ಡ ಅಕ್ಷದಲ್ಲೂ ಇಟ್ಟುಕೊಂಡು ನಾಲ್ಕು ಬಿಂದುಗಳನ್ನು ಗುರುತಿಸಿಕೊಳ್ಳಿ: ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್, 11 ಕಿಲೋಮೀಟರಿನಲ್ಲಿ ಮೈನಸ್ 56.5, 47 ಕಿಲೋಮೀಟರಿನಲ್ಲಿ ಮೈನಸ್ 2.5, 86 ಕಿಲೋಮೀಟರಿನಲ್ಲಿ ಮೈನಸ್ 86. ಇವು ಲೆಕ್ಕದ ಅನುಕೂಲಕ್ಕಾಗಿ ಒಪ್ಪಿಕೊಂಡಿರುವ ಪ್ರಮಾಣಿತ ವಾಯುಮಂಡಲದ ಅಂಕಿಗಳು. ನಿಜವಾದ ಗಾಳಿ ಅಕ್ಷಾಂಶಕ್ಕೂ ಋತುವಿಗೂ ತಕ್ಕಂತೆ ಇವುಗಳಿಂದ ಹಿಂದುಮುಂದಾಗುತ್ತದೆ. ಬಿಂದುಗಳನ್ನು ಸೇರಿಸಿದರೆ ಗೆರೆ ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ ವಾಲಿ, 86ರ ಆಚೆಗೆ ಬಲಕ್ಕೆ ತಿರುಗಿ ಕಾಗದವನ್ನೇ ದಾಟಿಹೋಗುತ್ತದೆ. ಗೆರೆ ತಿರುಗುವ ಒಂದೊಂದು ಮೂಲೆಯೂ ಒಂದೊಂದು ಗಡಿ. ಕೊನೆಯ ಬಾಹ್ಯ ಮಂಡಲವೊಂದನ್ನು ಬಿಟ್ಟರೆ ಪದರಗಳನ್ನು ವಿಂಗಡಿಸಿರುವುದು ಗಾಳಿಯ ಸಂಯೋಜನೆಯನ್ನಾಗಲಿ ಒತ್ತಡವನ್ನಾಗಲಿ ನೋಡಿ ಅಲ್ಲ. ಮೇಲೇರಿದಂತೆ ಉಷ್ಣತೆ ಇಳಿಯುತ್ತದೆಯೋ ಏರುತ್ತದೆಯೋ ಎಂಬುದನ್ನು ನೋಡಿ.

ಸಂಯೋಜನೆಯ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಒಣಗಾಳಿಯಲ್ಲಿ ಸಾರಜನಕ ಶೇ. 78, ಆಮ್ಲಜನಕ ಶೇ. 21, ಆರ್ಗಾನ್ ಶೇ. 0.93, ಕಾರ್ಬನ್ ಡೈಆಕ್ಸೈಡ್ ಸುಮಾರು ಶೇ. 0.04 ಇರುತ್ತವೆ, ನೀರಾವಿ ಮಾತ್ರ ಸ್ಥಳ ಮತ್ತು ಸಮಯಕ್ಕೆ ತಕ್ಕಂತೆ ಸೊನ್ನೆಯ ಹತ್ತಿರದಿಂದ ಶೇ. 4ರವರೆಗೆ ಬದಲಾಗುತ್ತದೆ. ಎವರೆಸ್ಟ್ ತುದಿಯಲ್ಲಿ ಆಮ್ಲಜನಕದ ಪ್ರಮಾಣ ಶೇ. 7ಕ್ಕೆ ಇಳಿಯುತ್ತದೆ ಎಂದು ಬರೆಯುವವರಿದ್ದಾರೆ, ಅದು ತಪ್ಪು. ಅಲ್ಲಿಯೂ ಶೇ. 21ರಷ್ಟೇ ಇದೆ, ಇಡೀ ಗಾಳಿಯೇ ತೆಳುವಾಗಿರುವುದರಿಂದ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೆಯ ಒಂದು ಭಾಗದಷ್ಟಾಗುತ್ತದೆ. ಸುಮಾರು 100 ಕಿಲೋಮೀಟರಿನವರೆಗೂ ಗಾಳಿ ಕದಡುತ್ತಲೇ ಇರುವುದರಿಂದ ಮುಖ್ಯ ಅನಿಲಗಳ ಅನುಪಾತ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ, ಅದರಾಚೆಗೆ ಮಾತ್ರ ಅನಿಲಗಳು ತಮ್ಮ ತಮ್ಮ ತೂಕಕ್ಕೆ ತಕ್ಕಂತೆ ಬೇರ್ಪಡುತ್ತವೆ.

ಒತ್ತಡ: ಐದೂವರೆಗೆ ಅರ್ಧ

ಸಮುದ್ರಮಟ್ಟದ ಒತ್ತಡ 1013.25 ಹೆಕ್ಟೊಪಾಸ್ಕಲ್. ಇದರ ಇಳಿಕೆಗೆ ನಾನು ನಂಬಿಕೊಂಡಿರುವ ಸುಲಭ ದಾರಿಯೆಂದರೆ ಐದೂವರೆ ಕಿಲೋಮೀಟರು ಏರಿದರೆ ಒತ್ತಡ ಅರ್ಧವಾಗುತ್ತದೆ ಎಂಬುದು. ಒಂದು ಜಾಗದ ಒತ್ತಡವೆಂದರೆ ಅದರ ಮೇಲಿರುವ ಗಾಳಿಯ ಭಾರವೇ ಆದ್ದರಿಂದ, ವಾಯುಮಂಡಲದ ಅರ್ಧದಷ್ಟು ಗಾಳಿ ಮೊದಲ ಐದೂವರೆ ಕಿಲೋಮೀಟರಿನೊಳಗೇ ಅಡಗಿದೆ ಎಂದೂ ಇದೇ ಮಾತು ಹೇಳುತ್ತದೆ. ಎವರೆಸ್ಟಿನ 8.85 ಕಿಲೋಮೀಟರಿಗೆ ಈ ಲೆಕ್ಕ ಹಾಕಿದರೆ ಸುಮಾರು 330 ಹೆಕ್ಟೊಪಾಸ್ಕಲ್ ಬರುತ್ತದೆ, ಅದು ನಿಜಕ್ಕೆ ಬಹಳ ಹತ್ತಿರ. ಇನ್ನೂ ಮೇಲಕ್ಕೆ ಹೋದರೆ ಈ ದಾರಿ ಸ್ವಲ್ಪ ಸೊಟ್ಟಗಾಗುತ್ತದೆ: ತಣ್ಣನೆಯ ಗಾಳಿ ಹೆಚ್ಚು ಒತ್ತಾಗಿ ಕೂರುವುದರಿಂದ 11 ಕಿಲೋಮೀಟರಿನ ಆಚೆ ನಾಲ್ಕೂವರೆ ಕಿಲೋಮೀಟರಿಗೇ ಒತ್ತಡ ಅರ್ಧವಾಗುತ್ತದೆ.

ಒತ್ತಡಕ್ಕೂ ಇಂತಹದೇ ನಕ್ಷೆ ಬರೆದರೆ ಅದರಲ್ಲಿ ಒಂದು ಮೂಲೆಯೂ ಇಲ್ಲದಿರುವುದನ್ನು ಗಮನಿಸಿ. ಉಷ್ಣತೆ ಹೇಗೆ ಏರಿಳಿದರೂ ಒತ್ತಡ ಮತ್ತು ಸಾಂದ್ರತೆ ಎತ್ತರದೊಂದಿಗೆ ಇಳಿಯುತ್ತಲೇ ಹೋಗುತ್ತವೆ. ಸಮೋಷ್ಣ ಮಂಡಲದ ಒಗಟು ಬಿಡಿಸಿಕೊಂಡದ್ದು ಈ ಒಂದು ಮಾತಿನಿಂದಲೇ.

ಪರಿವರ್ತನಾ ಮಂಡಲ

ಸೂರ್ಯನಿಗೆ ಹತ್ತಿರವಾದಂತೆ ಬಿಸಿಯಾಗಬೇಕಲ್ಲವೇ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. 15 ಕೋಟಿ ಕಿಲೋಮೀಟರು ದೂರದ ಸೂರ್ಯನಿಗೆ ಹತ್ತು ಕಿಲೋಮೀಟರು ಲೆಕ್ಕವೇ ಅಲ್ಲ. ಬಿಸಿಲಿನ ಕಣ್ಣಿಗೆ ಕಾಣುವ ಭಾಗಕ್ಕೆ ಗಾಳಿ ಹೆಚ್ಚುಕಡಿಮೆ ಪಾರದರ್ಶಕವಾಗಿರುವುದರಿಂದ ಅದು ನೆಲವನ್ನು ಕಾಯಿಸುತ್ತದೆ, ನೆಲ ಗಾಳಿಯನ್ನು ಕಾಯಿಸುತ್ತದೆ. ಒಲೆ ಕೆಳಗಿದೆ ಎಂದುಕೊಂಡರೆ ಸಾಕು. ಇದಲ್ಲದೆ ಮೇಲೇರುವ ಗಾಳಿ ಒತ್ತಡ ಕಡಿಮೆಯಾದಂತೆ ಹಿಗ್ಗುತ್ತದೆ, ಹಿಗ್ಗುವಾಗ ಸುತ್ತಲಿನ ಗಾಳಿಯನ್ನು ತಳ್ಳಲು ತನ್ನದೇ ಶಕ್ತಿಯನ್ನು ಖರ್ಚು ಮಾಡಿ ತಣ್ಣಗಾಗುತ್ತದೆ. ಸೈಕಲ್ ಪಂಪನ್ನು ಒತ್ತುವಾಗ ಅದರ ಕೆಳತುದಿ ಬಿಸಿಯಾಗುವುದರ ತಿರುಗುಮುರುಗು ಇದು. ಒಣಗಾಳಿ ಹೀಗೆ ಕಿಲೋಮೀಟರಿಗೆ 9.8 ಡಿಗ್ರಿಯಂತೆ ತಣಿಯುತ್ತದೆ. ತೇವದ ಗಾಳಿಯಲ್ಲಿ ಆವಿ ಹನಿಗಟ್ಟುವಾಗ ಬಿಡುಗಡೆಯಾಗುವ ಶಾಖ ಸೇರುವುದರಿಂದ ಇಳಿಕೆ ನಿಧಾನವಾಗುತ್ತದೆ. ಎಲ್ಲ ಸೇರಿ ಸರಾಸರಿ 6.5 ಡಿಗ್ರಿ.

ಈ ಪದರದ ಮೇಲಿನ ಗಡಿ ಧ್ರುವಗಳ ಮೇಲೆ 8ರಿಂದ 9 ಕಿಲೋಮೀಟರಿನಲ್ಲಿಯೂ ಸಮಭಾಜಕದ ಮೇಲೆ 16ರಿಂದ 18 ಕಿಲೋಮೀಟರಿನಲ್ಲಿಯೂ ಇದೆ. ಹಾಗಾಗಿ ಗಡಿಯಲ್ಲಿ ನಿಂತು ನೋಡಿದರೆ ಸಮಭಾಜಕದ ಮೇಲಿನ ಗಾಳಿಯೇ ಹೆಚ್ಚು ತಣ್ಣಗೆ, ಸುಮಾರು ಮೈನಸ್ 80 ಡಿಗ್ರಿ, ಏಕೆಂದರೆ ಅಲ್ಲಿ ಇಳಿಕೆಗೆ ಹೆಚ್ಚು ಎತ್ತರ ಸಿಕ್ಕಿದೆ. ಪರೀಕ್ಷೆಯಲ್ಲಿ ಎಡವಿಸಲು ಹೇಳಿ ಮಾಡಿಸಿದಂತಹ ಸಂಗತಿ ಇದು.

ಸಮೋಷ್ಣ ಮಂಡಲ, ನನ್ನ ಎರಡು ದಿನ

ಮೊದಲ ತೊಡಕು ಹೆಸರಿನದು. ಸಮೋಷ್ಣ ಎಂದರೆ ಸಮನಾದ ಉಷ್ಣ ಎಂದು ಬಿಡಿಸಿಕೊಂಡು, ಈ ಪದರದಲ್ಲಿ ಉಷ್ಣತೆ ಬದಲಾಗುವುದಿಲ್ಲ ಎಂದು ಒಮ್ಮೆ ಉತ್ತರ ಬರೆದು ಅಂಕ ಕಳೆದುಕೊಂಡಿದ್ದೇನೆ. ಈ ಹೆಸರು ಪದರದ ತಳಭಾಗಕ್ಕೆ ಮಾತ್ರ ಒಪ್ಪುತ್ತದೆ. ಪ್ರಮಾಣಿತ ವಾಯುಮಂಡಲದಲ್ಲಿ 11ರಿಂದ 20 ಕಿಲೋಮೀಟರಿನವರೆಗೆ ಉಷ್ಣತೆ ಮೈನಸ್ 56.5ರಲ್ಲಿಯೇ ನಿಂತಿರುತ್ತದೆ, ಅಲ್ಲಿಂದ ಮೇಲೆ ಏರತೊಡಗುತ್ತದೆ. ಪದರವನ್ನು ಕಂಡುಹಿಡಿದಾಗ ಸಿಕ್ಕದ್ದೂ ಈ ತಳಭಾಗವೇ. ಫ್ರಾನ್ಸಿನ ಲಿಯೋನ್ ಟೆಸೆರೆನ್ ದ ಬೋರ್ ಉಷ್ಣತಾಮಾಪಕ ಕಟ್ಟಿದ ಬಲೂನುಗಳನ್ನು ಹಾರಿಸಿದಾಗ, ಸುಮಾರು 11 ಕಿಲೋಮೀಟರಿನ ಆಚೆ ಉಷ್ಣತೆ ಇಳಿಯುವುದೇ ನಿಂತುಹೋದದ್ದು ಕಂಡಿತು. ಬಿಸಿಲಿಗೆ ಉಪಕರಣವೇ ಕಾದು ತಪ್ಪು ಅಂಕಿ ಕೊಡುತ್ತಿರಬಹುದೆಂಬ ಅನುಮಾನದಿಂದ ಅವರು ರಾತ್ರಿಯ ಹೊತ್ತೂ ಬಲೂನು ಹಾರಿಸಿದರು. ಇನ್ನೂರಕ್ಕೂ ಹೆಚ್ಚು ಹಾರಾಟಗಳ ನಂತರ 1902ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದೇ ವರ್ಷ ಜರ್ಮನಿಯ ರಿಚರ್ಡ್ ಆಸ್ಮನ್ ಕೂಡ ಇದನ್ನೇ ವರದಿ ಮಾಡಿದರು.

ಎರಡನೆಯ ತೊಡಕೇ ನಿಜವಾದ ತೊಡಕು. ಸಮೋಷ್ಣ ಮಂಡಲ ಬಿಸಿಯಾಗುವುದು ಓಝೋನ್ ಅತಿನೇರಳೆ ಕಿರಣಗಳನ್ನು ಹೀರುವುದರಿಂದ ಎಂದು ಪ್ರತಿ ಪುಸ್ತಕವೂ ಹೇಳುತ್ತದೆ. ಓಝೋನ್ ಅತಿ ದಟ್ಟವಾಗಿರುವುದು 20ರಿಂದ 25 ಕಿಲೋಮೀಟರಿನ ಆಸುಪಾಸಿನಲ್ಲಿ ಎಂದೂ ಅದೇ ಪುಟ ಹೇಳುತ್ತದೆ. ಹಾಗಾದರೆ ಅತಿ ಹೆಚ್ಚು ಉಷ್ಣತೆ 25 ಕಿಲೋಮೀಟರಿನಲ್ಲಿ ಇರಬೇಕಿತ್ತು. ನಕ್ಷೆಯಲ್ಲಿ ಅದು 50ರ ಹತ್ತಿರ ಇದೆ. ಹೀರುವವನು ಒಂದು ಕಡೆ, ಬಿಸಿ ಇನ್ನೊಂದು ಕಡೆ.

ಉತ್ತರದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಸರದಿಯ ವಿಷಯ. ಅತಿನೇರಳೆ ಕಿರಣ ಮೇಲಿನಿಂದ ಬರುತ್ತದೆ, ಆದ್ದರಿಂದ ಅದಕ್ಕೆ ಮೊದಲು ಎದುರಾಗುವುದು ಮೇಲಿನ ವಿರಳ ಓಝೋನ್. ಓಝೋನ್ ಈ ಕಿರಣಗಳನ್ನು, ಅದರಲ್ಲೂ 255 ನ್ಯಾನೋಮೀಟರಿನ ಸುತ್ತಲಿನವನ್ನು, ಎಷ್ಟು ಬಲವಾಗಿ ಹೀರುತ್ತದೆಂದರೆ ಸ್ವಲ್ಪವೇ ಇದ್ದರೂ ಸಾಕಷ್ಟು ಶಕ್ತಿ ಅಲ್ಲಿಯೇ ಇಳಿಯುತ್ತದೆ. ದಟ್ಟ ಓಝೋನ್ ಇರುವ 25 ಕಿಲೋಮೀಟರನ್ನು ತಲುಪುವ ಹೊತ್ತಿಗೆ ಅತಿ ಸುಲಭವಾಗಿ ಹೀರಲಾಗುವ ಕಿರಣಗಳು ಬಹುಪಾಲು ಖರ್ಚಾಗಿರುತ್ತವೆ.

ಎರಡನೆಯ ಭಾಗವೇ ನನ್ನನ್ನು ಸತಾಯಿಸಿದ್ದು, ಅದನ್ನು ಅಂಕಿಗಳಲ್ಲಿ ಮಾಡಿ ನೋಡುವವರೆಗೂ ನಂಬಿಕೆ ಬರಲಿಲ್ಲ. ಹೀರಿದ ಶಕ್ತಿಯನ್ನು ಓಝೋನ್ ತನ್ನಲ್ಲಿಯೇ ಇಟ್ಟುಕೊಳ್ಳುವುದಿಲ್ಲ. ಅಣುಗಳ ಡಿಕ್ಕಿಗಳ ಮೂಲಕ ಸುತ್ತಲಿನ ಸಾರಜನಕಕ್ಕೂ ಆಮ್ಲಜನಕಕ್ಕೂ ಹಂಚುತ್ತದೆ. ಉಷ್ಣತೆ ಎಷ್ಟು ಏರುತ್ತದೆ ಎಂಬುದು ಎಷ್ಟು ಶಕ್ತಿ ಬಂತು ಎಂಬುದರ ಜೊತೆಗೆ ಅದನ್ನು ಎಷ್ಟು ಗಾಳಿಗೆ ಹಂಚಬೇಕು ಎಂಬುದನ್ನೂ ಅವಲಂಬಿಸುತ್ತದೆ. ಒಂದು ಕಿಲೋಗ್ರಾಂ ಗಾಳಿಯನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 1005 ಜೂಲ್ ಬೇಕು. 25 ಕಿಲೋಮೀಟರಿನಲ್ಲಿ ಒಂದು ಘನ ಮೀಟರ್ ಗಾಳಿಯ ರಾಶಿ ಸುಮಾರು 0.04 ಕಿಲೋಗ್ರಾಂ, 50 ಕಿಲೋಮೀಟರಿನಲ್ಲಿ ಸುಮಾರು 0.001 ಕಿಲೋಗ್ರಾಂ. ಎರಡೂ ಕಡೆಯ ಒಂದೊಂದು ಘನ ಮೀಟರಿಗೆ 10 ಜೂಲ್ ಶಕ್ತಿ ಕೊಟ್ಟೆವೆಂದುಕೊಳ್ಳಿ. ಕೆಳಗೆ 10ನ್ನು 0.04 ಮತ್ತು 1005ರ ಗುಣಲಬ್ಧದಿಂದ ಭಾಗಿಸಿದರೆ ಕಾಲು ಡಿಗ್ರಿ ಬರುತ್ತದೆ; ಮೇಲೆ 10ನ್ನು 0.001 ಮತ್ತು 1005ರ ಗುಣಲಬ್ಧದಿಂದ ಭಾಗಿಸಿದರೆ ಹತ್ತು ಡಿಗ್ರಿ ಬರುತ್ತದೆ. ಅಷ್ಟೇ ಶಕ್ತಿಯನ್ನು ಸಮುದ್ರಮಟ್ಟದ ಒಂದು ಘನ ಮೀಟರಿಗೆ, ಅಂದರೆ 1.225 ಕಿಲೋಗ್ರಾಂ ಗಾಳಿಗೆ ಕೊಟ್ಟರೆ ಒಂದು ಡಿಗ್ರಿಯ ನೂರನೆಯ ಒಂದು ಭಾಗವೂ ಏರುವುದಿಲ್ಲ. ಹೀರಿಕೆ ಕಡಿಮೆಯಾದರೂ ಪಾಲುದಾರರು ನಲವತ್ತು ಪಟ್ಟು ಕಡಿಮೆಯಾದದ್ದರಿಂದ ತಲೆಗೆ ಬೀಳುವ ಪಾಲು ದೊಡ್ಡದಾಯಿತು.

ಮೇಲೇರಿದಂತೆ ಪಾಲು ದೊಡ್ಡದಾಗುತ್ತಲೇ ಹೋಗಬೇಕಲ್ಲ, 50ರಲ್ಲಿ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ಅಲ್ಲಿಂದಾಚೆ ಓಝೋನಿನ ಅನುಪಾತವೇ ಕುಸಿಯುತ್ತದೆ, ಅಂದರೆ ಪಾಲುದಾರರ ಸಂಖ್ಯೆಗಿಂತ ಆದಾಯ ಬೇಗ ಇಳಿಯುತ್ತದೆ. ಅನುಪಾತದ ಲೆಕ್ಕದಲ್ಲಿ ಓಝೋನ್ ಹೆಚ್ಚಿರುವುದು 30ರಿಂದ 35 ಕಿಲೋಮೀಟರಿನಲ್ಲಿ, ಅಲ್ಲಿಯೂ ಹತ್ತು ಲಕ್ಷ ಅಣುಗಳಲ್ಲಿ ಹತ್ತನ್ನು ಅದು ಮೀರುವುದು ಅಪರೂಪ. ಪದರ ಎಂಬ ಮಾತು ದಪ್ಪ ಹೊದಿಕೆಯ ಚಿತ್ರ ಕೊಡುತ್ತದೆ. ನಮ್ಮ ತಲೆಯ ಮೇಲಿರುವ ಓಝೋನನ್ನೆಲ್ಲ ಸಮುದ್ರಮಟ್ಟದ ಒತ್ತಡಕ್ಕೆ ಅದುಮಿ ಹಾಸಿದರೆ ಸಿಗುವುದು ಸುಮಾರು 3 ಮಿಲಿಮೀಟರ್.

ಕೆಳಗೆ ತಂಪು, ಮೇಲೆ ಬಿಸಿ ಎಂಬ ಈ ಏರ್ಪಾಡಿನಲ್ಲಿ ಗಾಳಿ ಮೇಲೆ ಕೆಳಗೆ ಕದಡುವುದಿಲ್ಲ, ಏಕೆಂದರೆ ಮೇಲೇರಿದ ತುಣುಕು ಸುತ್ತಲಿನ ಗಾಳಿಗಿಂತ ತಣ್ಣಗಾಗಿ, ಭಾರವಾಗಿ ಹಿಂದಕ್ಕೆ ಇಳಿಯುತ್ತದೆ. ಗುಡುಗುಮೋಡಗಳ ತಲೆ ಕಮ್ಮಾರನ ಅಡೆಗಲ್ಲಿನಂತೆ ಚಪ್ಪಟೆಯಾಗಿ ಹರಡುವುದು ಈ ಪದರದ ಕೆಳಗಿನ ಗಡಿಗೆ ಬಡಿದು.

ಮಧ್ಯಂತರ ಮಂಡಲ

50ರಿಂದ ಸುಮಾರು 85 ಕಿಲೋಮೀಟರಿನವರೆಗೆ ಓಝೋನಿನ ಆದಾಯ ಇಳಿದಿರುತ್ತದೆ, ಕಾರ್ಬನ್ ಡೈಆಕ್ಸೈಡ್ ಮಾತ್ರ ಅವಕೆಂಪು ಕಿರಣಗಳ ರೂಪದಲ್ಲಿ ಶಾಖವನ್ನು ಹೊರಕ್ಕೆ ಚೆಲ್ಲುತ್ತಲೇ ಇರುತ್ತದೆ. ಹಾಗಾಗಿ ಉಷ್ಣತೆ ಇಳಿಯುತ್ತದೆ. ಬಹುಪಾಲು ಉಲ್ಕೆಗಳು ಉರಿದುಹೋಗುವುದು ಈ ಪದರದ ಮೇಲುಭಾಗದಲ್ಲಿ ಮತ್ತು ಅದರ ಗಡಿಯ ಆಸುಪಾಸಿನಲ್ಲಿ. ವಿಚಿತ್ರವೆಂದರೆ ಇದರ ಮೇಲಿನ ಗಡಿ ಧ್ರುವಗಳ ಹತ್ತಿರ ಅತಿ ತಣ್ಣಗಾಗುವುದು ಬೇಸಿಗೆಯಲ್ಲಿ; ಅಲ್ಲಿ ಆ ಋತುವಿನಲ್ಲಿ ಗಾಳಿ ಮೇಲೇರುತ್ತ ಹಿಗ್ಗುವುದರಿಂದ ಉಷ್ಣತೆ ಮೈನಸ್ 130ಕ್ಕಿಂತಲೂ ಕೆಳಗೆ ಹೋಗುತ್ತದೆ.

ಉಷ್ಣತಾ ಮಂಡಲ ಮತ್ತು ಅದರಾಚೆ

ಇಲ್ಲಿ ಹೀರುವ ಕೆಲಸ ಓಝೋನಿನದಲ್ಲ. ಇನ್ನೂ ಕಿರಿದಾದ ತರಂಗಾಂತರದ ಅತಿನೇರಳೆ ಮತ್ತು ಕ್ಷ-ಕಿರಣಗಳನ್ನು ಆಮ್ಲಜನಕ, ಸಾರಜನಕಗಳೇ ಹೀರುತ್ತವೆ, ಹಂಚಿಕೊಳ್ಳಲು ಅಣುಗಳು ಇಲ್ಲವೆನ್ನುವಷ್ಟು ಕಡಿಮೆ. ಅದೇ ಭಾಗಾಕಾರ, ಛೇದ ಇನ್ನೂ ಚಿಕ್ಕದು: ಸೂರ್ಯನ ಚಟುವಟಿಕೆಗೆ ತಕ್ಕಂತೆ ಉಷ್ಣತೆ 500ರಿಂದ 2000 ಡಿಗ್ರಿಯವರೆಗೆ ಏರುತ್ತದೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿಲೋಮೀಟರು ಎತ್ತರದಲ್ಲಿ ಇದೇ ಪದರದೊಳಗೆ ಸುತ್ತುತ್ತಿದ್ದರೂ ಕರಗುವುದಿಲ್ಲ. ಉಷ್ಣತೆ ಮತ್ತು ಶಾಖ ಎಂಬ ಪದಗಳನ್ನು ಆಡುಮಾತಿನಲ್ಲಿ ಒಂದರ ಬದಲು ಒಂದು ಬಳಸುತ್ತೇವೆ. ಇಲ್ಲಿ ಅದು ನಡೆಯುವುದಿಲ್ಲ. ಉಷ್ಣತೆ ಒಂದೊಂದು ಅಣುವಿನ ಓಟದ ಬಿರುಸನ್ನು ಹೇಳುತ್ತದೆ, ಶಾಖ ಬಂದು ತಗಲುವ ಒಟ್ಟು ಶಕ್ತಿಯನ್ನು. ಸಾಣೆಕಲ್ಲಿನಿಂದ ಹಾರುವ ಕಿಡಿ ಸಾವಿರ ಡಿಗ್ರಿ ಬಿಸಿಯಿದ್ದರೂ ಕೈಗೆ ಬಿದ್ದರೆ ಚುರ್ರೆಂದು ಆರಿಹೋಗುತ್ತದೆ, ನೂರೇ ಡಿಗ್ರಿಯ ಒಂದು ಬಕೆಟ್ ನೀರು ಚರ್ಮ ಸುಲಿಯುತ್ತದೆ. 400 ಕಿಲೋಮೀಟರಿನಲ್ಲಿ ಒಂದು ಘನ ಮೀಟರಿನ ಗಾಳಿಯ ರಾಶಿ ಒಂದು ಕಿಲೋಗ್ರಾಮಿನ ಲಕ್ಷ ಕೋಟಿ ಪಾಲುಗಳಲ್ಲಿ ಕೆಲವೇ ಪಾಲು. ನಿಲ್ದಾಣದ ಬಿಸಿ ತಂಪನ್ನು ನಿರ್ಧರಿಸುವುದು ಅದರ ಮೇಲೆ ಬೀಳುವ ನೇರ ಬಿಸಿಲು ಮತ್ತು ಅದೇ ಹೊರಸೂಸುವ ವಿಕಿರಣ. ಸುತ್ತಲಿನ ಗಾಳಿಯ ಪಾತ್ರ ಗಣನೆಗೇ ಬರುವುದಿಲ್ಲ.

ಅಯಾನು ಮಂಡಲವನ್ನು ಆರನೆಯ ಪದರವೆಂದು ಎಣಿಸಬಾರದು. ಸುಮಾರು 60 ಕಿಲೋಮೀಟರಿನಿಂದ ಮೇಲಕ್ಕೆ, ಈ ಪದರಗಳ ಮೇಲೆಯೇ ಹರಡಿಕೊಂಡಿರುವ ವಿದ್ಯುದಾವಿಷ್ಟ ಪ್ರದೇಶಕ್ಕೆ ಇಟ್ಟ ಹೆಸರು ಅದು. ಅದರ ಕೆಳಗಿನ ಡಿ ಭಾಗ ಹಗಲಿನಲ್ಲಿ ಮಧ್ಯಮ ತರಂಗದ ರೇಡಿಯೊ ಅಲೆಗಳನ್ನು ನುಂಗುತ್ತದೆ, ಸೂರ್ಯ ಮುಳುಗಿದ ಮೇಲೆ ಬೇಗ ಮಾಯವಾಗುತ್ತದೆ. ದೂರದ ಕೇಂದ್ರಗಳು ರಾತ್ರಿ ಕೇಳಿಸುವುದು ಅದಕ್ಕೇ.

ತೆಳುವಾದರೂ ಈ ಗಾಳಿ ಗಾಳಿಯೇ. ಸೂರ್ಯ ಕೆರಳಿದಾಗ ಉಷ್ಣತಾ ಮಂಡಲ ಕಾದು ಉಬ್ಬುತ್ತದೆ, ಕೆಳಕಕ್ಷೆಯ ಉಪಗ್ರಹಗಳಿಗೆ ತಡೆ ಹೆಚ್ಚುತ್ತದೆ. 1973ರಲ್ಲಿ ಹಾರಿಸಿದ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಎಣಿಕೆಗಿಂತ ಮೊದಲೇ, 1979ರ ಜುಲೈ 11ರಂದು ಕೆಳಗೆ ಬಿದ್ದದ್ದು ಹೀಗೆ. ಇನ್ನೂ ಮೇಲೆ, 500ರಿಂದ 1000 ಕಿಲೋಮೀಟರಿನ ನಡುವೆ ಎಲ್ಲೋ, ಒಂದು ಅಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವುದೇ ಅಪರೂಪವಾಗುತ್ತದೆ. ಅಲ್ಲಿಂದ ಬಾಹ್ಯ ಮಂಡಲ. ಡಿಕ್ಕಿಯಿಲ್ಲದ ಮೇಲೆ ಶಕ್ತಿಯ ಹಂಚಿಕೆಯೂ ಇಲ್ಲ, ನಾನು ಇಲ್ಲಿಯವರೆಗೆ ಹಾಕಿದ ಭಾಗಾಕಾರವೂ ಅಲ್ಲಿ ನಡೆಯುವುದಿಲ್ಲ. ಪ್ರತಿ ಕಣವೂ ಎಸೆದ ಕಲ್ಲಿನಂತೆ ತನ್ನ ದಾರಿಯಲ್ಲಿ ಏರಿ ಮರಳಿ ಬೀಳುತ್ತದೆ. ಹಗುರವಾದ ಜಲಜನಕ ಮತ್ತು ಹೀಲಿಯಂ ಪರಮಾಣುಗಳಲ್ಲಿ ಕೆಲವು ಮರಳುವುದೇ ಇಲ್ಲ.