ಪರ್ಮನೆಂಟ್ ಸ್ಟ್ರೇಟ್‌ನಿಂಗ್ ಮಾಡಿಸಿದರೆ ಹೊಸ ಕೂದಲೂ ನೆಟ್ಟಗೇ ಬರುತ್ತಾ?

ಪ್ರಶ್ನೆ: ನನ್ನದು ಗುಂಗುರು ಕೂದಲು. ಪರ್ಮನೆಂಟ್ ಸ್ಟ್ರೇಟ್‌ನಿಂಗ್ ಮಾಡಿಸೋಣ ಅಂತಿದ್ದೇನೆ. ಎರಡು ಮೂರು ಸಲ ಮಾಡಿಸಿದರೆ ಬೇರಿಗೇ ಅಭ್ಯಾಸವಾಗಿ ಆಮೇಲೆ ಕೂದಲು ತಾನಾಗೇ ನೆಟ್ಟಗೆ ಬೆಳೆಯುತ್ತದಂತೆ. ಹೌದಾ? ಮಾಡಿಸಲಾ, ಬೇಡ್ವಾ?

ಉತ್ತರ: ಇಲ್ಲ, ಬೆಳೆಯುವುದಿಲ್ಲ. ಮಾಡಿಸುವುದು ಬಿಡುವುದು ನಿಮ್ಮಿಷ್ಟ, ಆದರೆ ಈ ಅಂತೆಕಂತೆ ನಂಬಿಕೊಂಡು ಮಾತ್ರ ಹೋಗಬೇಡಿ. ಇದನ್ನು ಎಷ್ಟು ಸಲ ಬರೆದಿದ್ದೇನೋ ನನಗೇ ಲೆಕ್ಕವಿಲ್ಲ. ಬರೆದ ಮಾರನೇ ದಿನವೇ "ಇಲ್ಲ ಮೇಡಂ, ನಮ್ಮ ಅಕ್ಕನಿಗೆ ಹಾಗೇ ಆಯ್ತು" ಅಂತ ಇನ್ನೊಬ್ಬರು ಬಂದೇ ಬರುತ್ತಾರೆ. ಅಕ್ಕನ ವಿಚಾರಕ್ಕೆ ಆಮೇಲೆ ಬರೋಣ.

ಮೊದಲು ಅಲ್ಲಿ ಏನು ನಡೆಯುತ್ತದೆ ಅಂತ ನೋಡಿ. ಕೂದಲು ಅಂದರೆ ಕೆರಾಟಿನ್ ಅನ್ನೋ ಪ್ರೋಟೀನ್. ಅದರ ಎಳೆಗಳನ್ನು ಗಂಧಕದ ಕೊಂಡಿಗಳು ಒಂದಕ್ಕೊಂದು ಬಿಗಿದಿರುತ್ತವೆ. ಮನೆಯಲ್ಲಿ ಐರನ್ ಮಾಡಿಕೊಂಡಾಗ ಆ ಗಟ್ಟಿ ಕೊಂಡಿಗಳಿಗೆ ಏನೂ ಆಗುವುದಿಲ್ಲ, ಬೇರೆ ದುರ್ಬಲ ಕೊಂಡಿಗಳಷ್ಟೇ ಬಿಡುತ್ತವೆ, ಅದಕ್ಕೇ ತಲೆಗೆ ನೀರು ಬಿದ್ದ ತಕ್ಷಣ ಗುಂಗುರು ವಾಪಸ್. ರೀಬಾಂಡಿಂಗ್‌ನಲ್ಲಿ, ಅಂದರೆ ನೀವು ಕೇಳುತ್ತಿರುವ ಈ ಪರ್ಮನೆಂಟ್ ಸ್ಟ್ರೇಟ್‌ನಿಂಗ್‌ನಲ್ಲಿ, ಹಚ್ಚುವ ಕ್ರೀಮಿನಲ್ಲಿ ಸಾಮಾನ್ಯವಾಗಿ ಅಮೋನಿಯಂ ಥಯೋಗ್ಲೈಕೊಲೇಟ್ ಇರುತ್ತದೆ. ಮೂಗಿಗೆ ಅಡರುವ ವಾಸನೆ ಅದರದ್ದೇ. ಅದು ಗಂಧಕದ ಕೊಂಡಿಗಳನ್ನೇ ಕತ್ತರಿಸುತ್ತದೆ. ಆಮೇಲೆ ತೊಳೆದು, ಒಣಗಿಸಿ, ಸುಮಾರು 180 ಡಿಗ್ರಿ ಬಿಸಿಯಲ್ಲಿ ಸಣ್ಣ ಸಣ್ಣ ಪದರ ಹಿಡಿದು ಐರನ್ ಮಾಡುತ್ತಾರೆ. ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಇರುವ ನ್ಯೂಟ್ರಲೈಸರ್ ಹಚ್ಚಿದಾಗ ಕೊಂಡಿಗಳು ಹೊಸ ಜಾಗದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಕೂದಲು ನೆಟ್ಟಗೆ ನಿಲ್ಲುತ್ತದೆ, ಇನ್ನು ತೊಳೆದರೂ ಹೋಗುವುದಿಲ್ಲ.

ಇಷ್ಟೂ ನಡೆದದ್ದು ಎಲ್ಲಿ? ತಲೆಯಿಂದ ಆಗಲೇ ಹೊರಗೆ ಬಂದಿರುವ ಕೂದಲಿನಲ್ಲಿ. ಅದಕ್ಕೆ ಜೀವವಿಲ್ಲ. ನರವಿಲ್ಲ, ರಕ್ತವಿಲ್ಲ, ಕೆಳಗಿರುವ ಬೇರಿಗೆ "ನೋಡಪ್ಪಾ, ಇನ್ನು ಮೇಲೆ ಹೀಗೆ ಬೆಳಿ" ಅಂತ ಸುದ್ದಿ ಮುಟ್ಟಿಸುವ ದಾರಿಯೇ ಇಲ್ಲ. ಕೂದಲು ಗುಂಗುರಾಗಬೇಕೋ ನೆಟ್ಟಗಿರಬೇಕೋ ಅನ್ನುವುದು ನಿರ್ಧಾರವಾಗುವುದು ಚರ್ಮದ ಕೆಳಗೆ ಕೆಲವು ಮಿಲಿಮೀಟರ್ ಆಳದಲ್ಲಿ, ಕೂದಲು ಹುಟ್ಟುವ ಆ ಪುಟ್ಟ ಚೀಲದ ಆಕಾರದಿಂದ. ಟೂತ್‌ಪೇಸ್ಟ್ ಟ್ಯೂಬ್ ನೆನಪಿಸಿಕೊಳ್ಳಿ. ಹೊರಗೆ ಬಂದ ಪೇಸ್ಟನ್ನು ಬ್ರಷ್ಷಿನ ಮೇಲೆ ಎಷ್ಟು ಚಪ್ಪಟೆ ಮಾಡಿದರೂ ಟ್ಯೂಬಿನ ಬಾಯಿ ಬದಲಾಗುತ್ತದೆಯೇ?

ಇಷ್ಟು ಹೇಳಿದರೂ "ಅಲ್ಲ ಮೇಡಂ, ಕ್ರೀಮ್ ಬುಡಕ್ಕೆ ಇಳಿಯುತ್ತಲ್ವಾ?" ಅನ್ನುವವರಿದ್ದಾರೆ. ಕೈ ಪಳಗಿದವರು ಕ್ರೀಮ್ ಹಚ್ಚುವುದನ್ನು ಒಮ್ಮೆ ಗಮನಿಸಿ. ಬಾಚಣಿಗೆಯ ಚೂಪು ತುದಿಯಿಂದ ತೆಳ್ಳಗೆ ಒಂದೊಂದೇ ಪದರ ಎತ್ತಿ, ನೆತ್ತಿಯ ಹತ್ತಿರ ಒಂದಿಷ್ಟು ಜಾಗ ಬಿಟ್ಟೇ ಬ್ರಷ್ ಆಡಿಸುತ್ತಾರೆ. ಚರ್ಮಕ್ಕೆ ತಾಗಿದರೆ ಉರಿ, ಗಾಯ. ಬುಡಕ್ಕೆ ಮುಟ್ಟಿಸಲೇಬಾರದ ಕ್ರೀಮು ಬುಡವನ್ನು ತಿದ್ದುವುದು ಹೇಗೆ? ಗಾಯ ಆಳವಾಗಿ ಬೇರಿನವರೆಗೆ ಇಳಿದೇಬಿಟ್ಟರೆ ಅಲ್ಲಿ ನೆಟ್ಟಗಿನ ಕೂದಲು ಬರುವುದಿಲ್ಲ, ಕೂದಲೇ ಬರುವುದಿಲ್ಲ.

ಇನ್ನು ಆ ಅಕ್ಕ. ಆರೇಳು ತಿಂಗಳಿಗೊಮ್ಮೆ ಟಚ್‌ಅಪ್, ಅಂದರೆ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಸ್ಟ್ರೇಟ್‌ನಿಂಗ್, ಮಾಡಿಸಿರುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಇಲ್ಲವೇ ಅವರದ್ದು ಮೊದಲೇ ಸಡಿಲ ಅಲೆ, ಕೂದಲು ಉದ್ದವಾದಷ್ಟೂ ಅದರ ಭಾರಕ್ಕೇ ಬುಡದ ಅಲೆ ಎಳೆದುಕೊಂಡು ನೆಟ್ಟಗೆ ಕಾಣುತ್ತದೆ. ಪರೀಕ್ಷೆ ಸುಲಭ. ಮಾಡಿಸಿ ಆರು ತಿಂಗಳಾದವರ ಬೈತಲೆಯ ಪಕ್ಕದಿಂದ ಒಂದೇ ಎಳೆ ಹಿಡಿದು, ಒದ್ದೆ ಮಾಡಿ, ಬುಡದಿಂದ ತುದಿಗೆ ಎರಡು ಬೆರಳಲ್ಲಿ ಸವರಿ. ಮೊದಲ ಆರೇಳು ಸೆಂಟಿಮೀಟರ್ ಬೆರಳಿಗೆ ಏರಿಳಿತ ಸಿಗುತ್ತದೆ, ಆಮೇಲೆ ಒಂದು ಜಾಗದಿಂದ ದಾರ ಎಳೆದ ಹಾಗೆ ನುಣ್ಣಗೆ.

ನೀವು ನಿರ್ಧಾರ ಮಾಡಬೇಕಾದದ್ದು ಈ ಎರಡು ಬಗೆಯ ಕೂದಲಿನ ಬಗ್ಗೆಯೇ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಕೆಲವರಿಗೆ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಮಾಡಿಸಿದ ವಾರ ಕನ್ನಡಿ ಮುಂದೆ ಹೇಗಿರುತ್ತೀರಿ ಅನ್ನುವುದು ಎಲ್ಲರಿಗೂ ಗೊತ್ತು. ಏಳನೇ ತಿಂಗಳು ಮೇಲೆ ಗುಂಗುರು, ಕೆಳಗೆ ಕಡ್ಡಿ ಅನ್ನುವ ಸ್ಥಿತಿಯಲ್ಲಿ ಏನು ಮಾಡುತ್ತೀರಿ? ಬುಡಕ್ಕೆ ಮಾತ್ರ ಮತ್ತೆ ಮಾಡಿಸಿಕೊಳ್ಳುತ್ತಾ ಹೋಗುವ ತಾಳ್ಮೆ ಇದೆಯಾ? ಬೇಸರವಾದರೆ ಉದ್ದ ಕತ್ತರಿಸಿ ಬಿಡುವ ಧೈರ್ಯ ಇದೆಯಾ? ಎರಡಕ್ಕೂ ಇಲ್ಲ ಅಂದರೆ ಬೇಡ. ಯಾಕಂದರೆ ಒಮ್ಮೆ ಮಾಡಿದ ಕೂದಲನ್ನು ಮತ್ತೆ ಮೊದಲಿನ ಹಾಗೆ ಗುಂಗುರು ಮಾಡುವ ಎಣ್ಣೆಯಾಗಲಿ ಸೀರಮ್ ಆಗಲಿ ಇಲ್ಲ.

ಬ್ಲೀಚ್ ಮಾಡಿಸಿದ ಕೂದಲಾದರೆ ಯೋಚನೆಯನ್ನೇ ಬಿಡಿ. ಹಿಂದೆ ಸೋಡಿಯಂ ಹೈಡ್ರಾಕ್ಸೈಡ್ ಇರುವ ರಿಲ್ಯಾಕ್ಸರ್ (ಗುಂಗುರು ಬಿಡಿಸುವ ಇನ್ನೊಂದು ಬಗೆಯ ಕ್ರೀಮ್) ಹಾಕಿಸಿದ್ದರೂ ಅಷ್ಟೇ, ಅದರ ಮೇಲೆ ಥಯೋಗ್ಲೈಕೊಲೇಟ್ ಬಿದ್ದರೆ ಕೂದಲು ತುಂಡು ತುಂಡಾಗಿ ಕೈಗೆ ಬರುತ್ತದೆ. ಉಳಿದವರು ಒಂದು ಒದ್ದೆ ಎಳೆಯನ್ನು ಮೆಲ್ಲಗೆ ಎಳೆದು ಬಿಡಿ. ಹಿಗ್ಗಿ ಮತ್ತೆ ಕುಗ್ಗಿದರೆ ಪರವಾಗಿಲ್ಲ. ಹಿಗ್ಗಿದ್ದು ಹಾಗೇ ಜೋತುಬಿದ್ದರೆ, ಇಲ್ಲವೇ ಪಟ್ ಅಂತ ತುಂಡಾದರೆ, ಈಗ ಸಮಯವಲ್ಲ. ಕಾಣದ ಕಡೆಯ ಒಂದು ಎಳೆಗೊಂಚಲಿಗೆ ಮೊದಲು ಹಚ್ಚಿ ನೋಡಿ ಅಂತ ಕೇಳಿ. "ಅದೆಲ್ಲ ಬೇಡ, ನಾವು ದಿನಾ ಮಾಡ್ತೀವಿ" ಅಂದರೆ ಎದ್ದು ಬನ್ನಿ.

"ಹಾಗಾದರೆ ಕೂದಲು ನುಣ್ಣಗೆ ಮಾಡುವ ಕೆರಾಟಿನ್ ಟ್ರೀಟ್‌ಮೆಂಟ್ ಮಾಡಿಸ್ತೀನಿ, ಅದು ಪ್ರೋಟೀನ್ ಅಲ್ವಾ" ಅಂತ ಈಗ ಬರೆಯುತ್ತೀರಿ, ಗೊತ್ತು. ಅದು ಕೆಲವು ತಿಂಗಳಲ್ಲಿ ತೊಳೆದು ಹೋಗುತ್ತದೆ, ಆ ಮಟ್ಟಿಗೆ ಸರಿ. ಆದರೆ ಅಂಥ ಎಷ್ಟೋ ದ್ರಾವಣಗಳು ಐರನ್ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಅದನ್ನು ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪಟ್ಟಿ ಮಾಡಿದೆ. ಫಾರ್ಮಾಲ್ಡಿಹೈಡ್ ಇಲ್ಲ ಅಂತ ಬರೆದ ಬಾಟಲಿಯಲ್ಲಿ ಮೆಥಿಲೀನ್ ಗ್ಲೈಕಾಲ್ ಇದೆಯಾ ನೋಡಿ, ಬಿಸಿಯಾದರೆ ಎರಡೂ ಒಂದೇ. ಇನ್ನು ಕೆಲವದರಲ್ಲಿ ಗ್ಲಯಾಕ್ಸಿಲಿಕ್ ಆಸಿಡ್ ಇರುತ್ತದೆ, ಅದನ್ನು ಬಳಸಿದವರಲ್ಲಿ ಕಿಡ್ನಿಗೆ ಪೆಟ್ಟಾದದ್ದನ್ನು 2024ರಲ್ಲಿ ವೈದ್ಯರು ವರದಿ ಮಾಡಿದ್ದಾರೆ. ಕೂತಲ್ಲಿ ಕಣ್ಣು ಉರಿಯತೊಡಗಿದರೆ "ಸ್ವಲ್ಪ ತಡ್ಕೊಳ್ಳಿ" ಅನ್ನುವ ಮಾತು ಕೇಳಬೇಡಿ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ, ಈ ತಪ್ಪು ನಂಬಿಕೆ ಹುಟ್ಟುವುದೇ ಅಲ್ಲಿಂದ ಅಂತ ನನಗೆ ಅನುಮಾನ. ಕೂದಲಿನ ಸ್ವಭಾವ ತಾನಾಗೇ ಬದಲಾಗುವುದೂ ಉಂಟು. ಚಿಕ್ಕಂದಿನಲ್ಲಿ ನೆಟ್ಟಗಿದ್ದದ್ದು ಹದಿಹರೆಯದಲ್ಲಿ ಗುಂಗುರಾಗುತ್ತದೆ. ಹೆರಿಗೆಯ ನಂತರ, ಮುಟ್ಟು ನಿಲ್ಲುವ ಕಾಲದಲ್ಲಿ ಗುಂಗುರು ಸಡಿಲವಾಗಿದೆ ಅನ್ನುವವರಿದ್ದಾರೆ. ಕೀಮೋಥೆರಪಿ ಆದವರಿಗೆ ಮೊದಲು ನೆಟ್ಟಗಿದ್ದ ಕೂದಲು ಗುಂಗುರಾಗಿ ಬಂದು, ಎಷ್ಟೋ ಸಲ ಮುಂದೆ ಮತ್ತೆ ಹಳೆಯ ರೂಪಕ್ಕೆ ಮರಳುತ್ತದೆ. ಇದೆಲ್ಲ ಒಳಗಿನ ಕೆಲಸ. ಎರಡು ಮಕ್ಕಳಾದ ಮೇಲೆ ನಿಮ್ಮ ಅಕ್ಕನ ಗುಂಗುರು ಇಳಿದಿದ್ದರೆ, ಆ ಕೀರ್ತಿಯನ್ನು ಪಾರ್ಲರ್‌ನವರಿಗೆ ಸುಮ್ನೆ ಕೊಡಬೇಡಿ.