ವೇಲ್ಸ್ ಚಿನ್ನಕ್ಕೆ ಬೆಲೆ ಕಟ್ಟುವುದು ಹೇಗೆ?

"ಹಾಲ್‌ಮಾರ್ಕ್ ಇದೆ ಅಲ್ವಾ ಸರ್? ಅಂದ್ಮೇಲೆ ಇದು ಅಸಲಿ ವೇಲ್ಸ್ ಚಿನ್ನಾನೇ." ಬರ್ಮಿಂಗ್‌ಹ್ಯಾಮ್‌ನಲ್ಲಿ ಒಡವೆಗಳಿಗೆ ಬೆಲೆ ಕಟ್ಟುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ನಮ್ಮ ಕನ್ನಡದವರೂ ಇದನ್ನೇ ಹೇಳುತ್ತಾರೆ, ಇಲ್ಲಿಯವರೂ ಇದನ್ನೇ ಹೇಳುತ್ತಾರೆ. ವೇಲ್ಸ್ ಚಿನ್ನ ಎಂದರೆ ಬ್ರಿಟನ್ನಿನ ಭಾಗವಾದ ವೇಲ್ಸ್‌ನ ಗಣಿಗಳಲ್ಲಿ ಸಿಕ್ಕ ಚಿನ್ನ.

ಇಲ್ಲಿನ ಹಾಲ್‌ಮಾರ್ಕ್ ಕಡ್ಡಾಯವಾಗಿ ಹೇಳುವುದು ಮೂರು ಸಂಗತಿ. ಒಡವೆಯನ್ನು ಪರೀಕ್ಷೆಗೆ ಕಳಿಸಿದವರು ಯಾರು, ಸಾವಿರ ಪಾಲಿನಲ್ಲಿ ಚಿನ್ನ ಎಷ್ಟು, ಪರೀಕ್ಷೆ ಮಾಡಿದ ಕಚೇರಿ ಯಾವುದು. 375 ಎಂದಿದ್ದರೆ 9 ಕ್ಯಾರೆಟ್, 750 ಎಂದಿದ್ದರೆ 18 ಕ್ಯಾರೆಟ್. ಆ ಚಿನ್ನ ಯಾವ ಗಣಿಯಿಂದ ಬಂತು ಎಂಬುದು ಆ ಗುರುತಿನಲ್ಲಿ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಮೂಸೆಯಲ್ಲಿ ಕರಗಿ, ತಾಮ್ರ ಬೆಳ್ಳಿ ಸೇರಿದ ಮೇಲೆ ವೇಲ್ಸ್‌ನದೂ ಒಂದೇ, ಆಫ್ರಿಕಾದ್ದೂ ಒಂದೇ, ನಿಮ್ಮಜ್ಜಿಯ ಹಳೇ ಬಳೆಯದೂ ಒಂದೇ. ಗಣಿಯಿಂದ ಬಂದ ಕಚ್ಚಾ ಚಿನ್ನವಾದರೆ ಪ್ರಯೋಗಾಲಯದವರು ಏನಾದರೂ ಸುಳಿವು ಹಿಡಿದಾರು. ಅಂಗಡಿಯ ಒರೆಗಲ್ಲಿಗೂ ಎಕ್ಸ್‌ರೇ ಯಂತ್ರಕ್ಕೂ ಗೊತ್ತಾಗುವುದು ಬೆರಕೆಯ ಲೆಕ್ಕ ಮಾತ್ರ.

ಇನ್ನೊಂದು ವಿಷಯ. "ವೇಲ್ಸ್ ಚಿನ್ನದ" ಉಂಗುರ ಎಂದರೆ ಉಂಗುರದ ಚಿನ್ನವೆಲ್ಲ ವೇಲ್ಸ್‌ನದು ಎಂದು ಅಲ್ಲ. ಎಷ್ಟೋ ಒಡವೆಗಳಲ್ಲಿ ಅದು ಇರುವುದು ಒಂದು ಚೂರು ಮಾತ್ರ. ಹೆಸರಾಂತ ತಯಾರಕರು ಇದನ್ನು ಬಚ್ಚಿಡುವುದೂ ಇಲ್ಲ, ಬರೆದೇ ಮಾರುತ್ತಾರೆ. ಕೊಳ್ಳುವವರು ಓದುವುದಿಲ್ಲ, ಅಷ್ಟೇ. ನಾನು ಇದನ್ನು ಮೋಸ ಎನ್ನಲಾರೆ, ಯಾಕೆಂದರೆ ಪೂರ್ತಿ ಹಾಕೋಣವೆಂದರೆ ವೇಲ್ಸ್‌ನಲ್ಲಿ ಅಷ್ಟು ಚಿನ್ನವೇ ಇಲ್ಲ. ಉತ್ತರ ವೇಲ್ಸ್‌ನ ಡೊಲ್ಗೆಥ್ಲೈ ಸುತ್ತಿನ ಗಣಿಗಳೆಲ್ಲ ಸೇರಿ 19ನೇ ಶತಮಾನದಿಂದ ಕೊಟ್ಟಿದ್ದು ಸುಮಾರು 4 ಟನ್. ನಮ್ಮ ಕೋಲಾರದ್ದು 800 ಟನ್‌ಗೂ ಜಾಸ್ತಿ. ವೇಲ್ಸ್‌ನ ದೊಡ್ಡ ಗಣಿಗಳಾದ ಕ್ಲೊಗೈ ಮತ್ತು ಗ್ವಿನ್‌ವನಿದ್ 1990ರ ದಶಕದ ಕೊನೆಗೆ ಬಾಗಿಲು ಹಾಕಿದವು. ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನ ಅಲ್ಲೊಂದು ಕಡೆ ಇಲ್ಲೊಂದು ಕಡೆ ಗಂಟುಗಂಟಾಗಿ ಸಿಗುತ್ತಿತ್ತು. ಒಂದು ಗಂಟು ಸಿಕ್ಕಿದರೆ ಹಬ್ಬ, ಆಮೇಲೆ ತಿಂಗಳುಗಟ್ಟಲೆ ಬರೀ ಕಲ್ಲು. ಅಂಥ ಗಣಿಯಲ್ಲಿ ದುಡಿದವರನ್ನು ನೆನೆದರೆ ಗೌರವ ಬರುತ್ತದೆ.

ಕೆಂಪು ಛಾಯೆಯ ಬಗ್ಗೆಯೂ ಹೇಳಿಬಿಡುತ್ತೇನೆ. ವೇಲ್ಸ್ ಚಿನ್ನ ಹುಟ್ಟಾ ಗುಲಾಬಿ ಬಣ್ಣದ್ದು ಎಂದು ಬಹಳ ಜನ ನಂಬಿದ್ದಾರೆ. ಅದು ತಾಮ್ರದ ಬಣ್ಣ. ಯಾವ ದೇಶದ ಚಿನ್ನಕ್ಕೆ ತಾಮ್ರ ಜಾಸ್ತಿ ಹಾಕಿದರೂ ಕೆಂಪಾಗುತ್ತದೆ.

ಸ್ವಾನ್‌ಸಿಯಲ್ಲಿ ಡಾಕ್ಟರಾಗಿರುವ ದಾವಣಗೆರೆಯ ಹೆಣ್ಣುಮಗಳೊಬ್ಬರು ತಮ್ಮ ಮದುವೆಯ ವರ್ಷದ ನೆನಪಿಗೆ ಕೊಂಡಿದ್ದ ಉಂಗುರ ತಂದಿದ್ದರು. "ಅಣ್ಣಾ, ಇದನ್ನ ಕರಗಿಸಿ ಮಗಳಿಗೆ ಓಲೆ ಮಾಡಿಸೋಣ ಅಂತ. ವೇಲ್ಸ್ ಚಿನ್ನ ಅಲ್ವಾ, ಬೆಲೆ ಚೆನ್ನಾಗಿ ಬರುತ್ತೆ." ಉಂಗುರ 4 ಗ್ರಾಂ, 375ರ ಗುರುತು. ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. ಅದರಲ್ಲಿ ಅಪ್ಪಟ ಚಿನ್ನ ಒಂದೂವರೆ ಗ್ರಾಂ. ಅದೇ ತೂಕದ 22 ಕ್ಯಾರೆಟ್ ಉಂಗುರದಲ್ಲಾದರೆ ಮೂರೂವರೆಗಿಂತ ಜಾಸ್ತಿ ಇರುತ್ತದೆ. ಕರಗಿಸಿದರೆ ಕೈಗೆ ಬರುವುದು ಆ ಒಂದೂವರೆ ಗ್ರಾಂನ ದುಡ್ಡು, ಅದರಲ್ಲೂ ಸ್ವಲ್ಪ ಕಡಿತ. ಅವರು ಸುಮ್ನೆ ಕೂತುಬಿಟ್ಟರು. "ಕರಗಿಸಬೇಡಮ್ಮಾ, ಹಾಗೇ ಮಗಳಿಗೆ ಕೊಡು" ಎಂದೆ.

ಹಾಗಾದರೆ ವೇಲ್ಸ್ ಚಿನ್ನಕ್ಕೆ ಹೆಚ್ಚಿನ ಬೆಲೆ ಇಲ್ಲವೇ? ಇದೆ. ಆದರೆ ಆ ಬೆಲೆ ಇರುವುದು ಲೋಹದಲ್ಲಿ ಅಲ್ಲ, ಅದರ ಚರಿತ್ರೆಯಲ್ಲಿ. ಕಾರ್ಮಾರ್ಥನ್‌ಶೈರ್‌ನ ಡೊಲೈಕೊಥಿಯಲ್ಲಿ ರೋಮನ್ನರು ಗುಡ್ಡದ ಮೈಮೇಲೆ ಮೈಲಿಗಟ್ಟಲೆ ಕಾಲುವೆ ತೋಡಿ ನೀರು ತಂದರು. ಕೆರೆಯಲ್ಲಿ ತುಂಬಿಸಿ ಒಮ್ಮೆಲೇ ಬಿಟ್ಟು, ಮೇಲಿನ ಮಣ್ಣನ್ನು ಕೊಚ್ಚಿಸಿ, ಕೆಳಗಿನ ಚಿನ್ನದ ಎಳೆ ಹುಡುಕಿದರು. ಆ ಕಾಲುವೆಗಳ ಗುರುತು ಈಗಲೂ ಇದೆ, ಹೋದರೆ ಖಂಡಿತ ನೋಡಿ. ಆಮೇಲೆ ರಾಜಮನೆತನದ ಉಂಗುರಗಳು ಬಂದವು. 1923ರಲ್ಲಿ ಎಲಿಜಬೆತ್ ಬೋಸ್-ಲಯನ್, 1947ರಲ್ಲಿ ಅವರ ಮಗಳು ಎರಡನೇ ಎಲಿಜಬೆತ್, 1981ರಲ್ಲಿ ಡಯಾನಾ, 2011ರಲ್ಲಿ ಕೇಟ್. ಎಲ್ಲರ ಮದುವೆ ಉಂಗುರವೂ ವೇಲ್ಸ್ ಚಿನ್ನದ್ದೇ. ಹೆಸರು ಬಂದಿದ್ದು ಹೀಗೆ.

ಚರಿತ್ರೆಗೆ ಬೆಲೆ ಬೇಕೆಂದರೆ ದಾಖಲೆ ಬೇಕು. ರಸೀದಿ, ತಯಾರಕರ ಪ್ರಮಾಣಪತ್ರ, ಮೂಲ ಡಬ್ಬಿ, ಇವನ್ನು ಒಡವೆಯ ಜೊತೆಯಲ್ಲೇ ಇಡಿ. ವಿಮೆಗೆಂದು ನಾನು ಬರೆದುಕೊಡುವ ಮೊತ್ತ, ಅಂಥದ್ದೇ ಒಡವೆಯನ್ನು ಹೊಸದಾಗಿ ಕೊಳ್ಳಲು ತಗಲುವ ಖರ್ಚು. ಮಾರಲು ಹೋದಾಗ ಅಷ್ಟು ಸಿಗುವುದಿಲ್ಲ, ದಯವಿಟ್ಟು ಆ ಕಾಗದ ಹಿಡಿದು ಅಂಗಡಿಯವರ ಹತ್ತಿರ ಜಗಳಕ್ಕೆ ನಿಲ್ಲಬೇಡಿ. ಹಳೆಯ ಗಣಿಯ ಕಚ್ಚಾ ಚಿನ್ನದ ಚೂರು ಅಥವಾ ಗಣಿಯವರೇ ಕೊಟ್ಟ ಪತ್ರವಿರುವ ಒಡವೆ ನಿಮ್ಮ ಮನೆಯಲ್ಲಿದ್ದರೆ ಮಾತ್ರ ವಿಷಯ ಬೇರೆ. ಅದಕ್ಕೆ ಚಿನ್ನದ ದರಕ್ಕಿಂತ ಜಾಸ್ತಿ ಕೊಡುವ ಸಂಗ್ರಹಕಾರರು ಇದ್ದಾರೆ. ಹಳೇ ಚಿನ್ನ ಕೊಳ್ಳುವವರ ತಕ್ಕಡಿಗೆ ಹಾಕುವ ಮೊದಲು ಅದನ್ನು ಹರಾಜು ಮನೆಯವರಿಗೆ ತೋರಿಸಿ.